ಸಂಖ್ಯೆಯ ಜಾಗದಲ್ಲಿ ಅಕ್ಷರ

ಮಕ್ಕಳೇ, ಅನಂತಪುರ ಜಿಲ್ಲೆಯ ಸೆಟ್ಟೂರು ಮಂಡಲದಲ್ಲಿ ಮಳೆ ಕಡಿಮೆ. ಇಲ್ಲಿನ ಅನೇಕ ರೈತರು ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುತ್ತಾರೆ. ಮಳೆ ಚೆನ್ನಾಗಿ ಬಂದ ವರ್ಷ ಹೆಚ್ಚು ಚೀಲ ತುಂಬುತ್ತವೆ. ಮಳೆ ಕೈಕೊಟ್ಟ ವರ್ಷ ಕೆಲವೇ ಚೀಲ. ಬೆಳೆ ಎಷ್ಟು ಬರುವುದೆಂದು ಮೊದಲೇ ಹೇಳಲಾಗದು. ಆದರೂ ಅದರ ಲೆಕ್ಕದ ನಿಯಮವನ್ನು ಮೊದಲೇ ಬರೆದಿಡಬಹುದು. ಅದು ಹೇಗೆಂದು ತಿಳಿಯೋಣ.

ಒಂದು ಚೀಲದಲ್ಲಿ 40 ಕಿಲೋ ಕಡಲೆಕಾಯಿ ಹಿಡಿಯುತ್ತದೆ ಎಂದಿಟ್ಟುಕೊಳ್ಳಿರಿ.

1 ಚೀಲಕ್ಕೆ 40 × 1 = 40 ಕಿಲೋ
2 ಚೀಲಕ್ಕೆ 40 × 2 = 80 ಕಿಲೋ
10 ಚೀಲಕ್ಕೆ 40 × 10 = 400 ಕಿಲೋ

ಇಲ್ಲಿ ಏನು ಬದಲಾಯಿತು? ಚೀಲಗಳ ಸಂಖ್ಯೆ ಮತ್ತು ತೂಕ. ಏನು ಬದಲಾಗಲಿಲ್ಲ? 40. ಚೀಲಗಳ ಸಂಖ್ಯೆಯನ್ನು 'ಚ' ಎಂದೂ, ಕಿಲೋಗಳಲ್ಲಿ ತೂಕವನ್ನು 'ತ' ಎಂದೂ ಕರೆಯೋಣ. ಆಗ ಎಲ್ಲ ಸಾಲುಗಳೂ ಒಂದೇ ಸಾಲಾಗುತ್ತವೆ.

ತ = 40 × ಚ

ಇದೇ ಸೂತ್ರ. ಬದಲಾಗುವ ಸಂಖ್ಯೆಯ ಜಾಗದಲ್ಲಿ ನಿಂತ ಚ, ತ ಎಂಬವು ಚರಾಕ್ಷರಗಳು. ಬದಲಾಗದ 40 ಸ್ಥಿರಾಂಕ. ಒಂದು ಮಾತು ನೆನಪಿಡಿರಿ: 'ಚ' ಎಂದರೆ ಚೀಲವಲ್ಲ, ಚೀಲಗಳ ಸಂಖ್ಯೆ. ಅದರ ಜಾಗದಲ್ಲಿ 15 ಇಟ್ಟರೆ ತೂಕ 600 ಕಿಲೋ. ತೂಕ 600 ಎಂದು ಗೊತ್ತಿದ್ದರೆ 40ರಿಂದ ಭಾಗಿಸಿ, ಚೀಲಗಳು 15 ಎಂದು ಹೇಳಬಹುದು.

ಈ ಸೂತ್ರದಿಂದ ಏನು ಪ್ರಯೋಜನ? ಕಡಲೆಕಾಯಿಯನ್ನು ಗೋಣಿಚೀಲದ ಸಮೇತ ತೂಗುತ್ತಾರೆ. ಖಾಲಿ ಚೀಲದ ತೂಕ 1 ಕಿಲೋ ಇದ್ದರೆ, ತುಂಬಿದ ಚೀಲ 41 ಕಿಲೋ ತೂಗುತ್ತದೆ. ಕೊಳ್ಳುವವನು ಚೀಲದ ಲೆಕ್ಕಕ್ಕೆ 1 ಕಿಲೋ ಕಳೆಯುವುದು ನ್ಯಾಯ. ಆದರೆ ಅವನು 2 ಕಿಲೋ ಕಳೆದರೆ? ರೈತನಿಗೆ ಸಿಗುವುದು 39 × ಚ ಕಿಲೋಗಳ ಹಣ ಮಾತ್ರ.

ನಷ್ಟ = (40 × ಚ) − (39 × ಚ) = ಚ

ಎಷ್ಟು ಚೀಲಗಳೋ ಅಷ್ಟು ಕಿಲೋ ನಷ್ಟ! ಒಂದು ಚೀಲದಲ್ಲಿ ಒಂದು ಕಿಲೋ ಹೋದದ್ದು ಕಣ್ಣಿಗೆ ಬೀಳದು. 100 ಚೀಲ ಮಾರಿದರೆ ಹೋದದ್ದು 100 ಕಿಲೋ, ಅಂದರೆ ಒಂದು ಕ್ವಿಂಟಲ್. ಸೂತ್ರ ಬಲ್ಲವರು ತಕ್ಕಡಿಯ ಮುಂದೆ ನಿಂತು "ಈ ಲೆಕ್ಕ ಸರಿಯಿಲ್ಲ" ಎಂದು ಧೈರ್ಯವಾಗಿ ಹೇಳಬಲ್ಲರು.

ಸಂಖ್ಯೆಗೆ ಬದಲಾಗಿ ಅಕ್ಷರ ಬಳಸುವುದು ನಮ್ಮ ದೇಶದಲ್ಲಿ ಹೊಸದಲ್ಲ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು 'ಬೀಜಗಣಿತ' ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದರು. ತಿಳಿಯದ ಸಂಖ್ಯೆಯನ್ನು ಅವರು 'ಯಾವತ್ತಾವತ್' ಎಂದರು. 'ಎಷ್ಟೋ ಅಷ್ಟು' ಎಂದು ಇದರ ಅರ್ಥ. ಇದನ್ನು ಚಿಕ್ಕದಾಗಿ 'ಯಾ' ಎಂದು ಬರೆಯುತ್ತಿದ್ದರು. ತಿಳಿಯದ ಸಂಖ್ಯೆಗಳು ಹೆಚ್ಚಾದರೆ ಬಣ್ಣಗಳ ಹೆಸರು ಬಳಸುತ್ತಿದ್ದರು. ಕಾಲಕ ಎಂದರೆ ಕಪ್ಪು, ಅದಕ್ಕೆ 'ಕಾ'. ನೀಲಕ ಎಂದರೆ ನೀಲಿ, ಅದಕ್ಕೆ 'ನೀ'. ನಾವು ಚೀಲಕ್ಕೆ 'ಚ' ಎಂದು ಬರೆದದ್ದೂ ಇದೇ ರೀತಿಯಲ್ಲವೇ?

ಹೊಲಕ್ಕೂ ಸೂತ್ರ ಉಂಟು. ಆಯತಾಕಾರದ ಹೊಲದ ಉದ್ದ 'ಉ', ಅಗಲ 'ಅ', ಸುತ್ತಳತೆ 'ಸು' ಆದರೆ,

ಸು = 2 × (ಉ + ಅ)

ಹೊಲ ಯಾರದೇ ಆಗಿರಲಿ, ಚಿಕ್ಕದಿರಲಿ, ದೊಡ್ಡದಿರಲಿ, ಬೇಲಿಯ ಉದ್ದವನ್ನು ಈ ಒಂದೇ ಸಾಲು ಹೇಳುತ್ತದೆ.

ಅಭ್ಯಾಸ

1. 'ತ = 40 × ಚ' ಎಂಬುದರಲ್ಲಿ ಚರಾಕ್ಷರಗಳು ಯಾವುವು? ಸ್ಥಿರಾಂಕ ಯಾವುದು?
2. ಚೀಲಗಳು 25 ಆದರೆ ಕಡಲೆಕಾಯಿಯ ತೂಕವೆಷ್ಟು?
3. ಉದ್ದ 60 ಮೀಟರ್, ಅಗಲ 45 ಮೀಟರ್ ಇರುವ ಹೊಲದ ಸುತ್ತಳತೆ ಕಂಡುಹಿಡಿಯಿರಿ.
4. ಕೊಳ್ಳುವವನು ಪ್ರತಿ ಚೀಲಕ್ಕೆ 3 ಕಿಲೋ ಕಳೆದರೆ ರೈತನ ನಷ್ಟಕ್ಕೆ ಸೂತ್ರ ಬರೆಯಿರಿ.
5. ನಿಮ್ಮ ಮನೆಯವರ ಕೂಲಿಯ ಲೆಕ್ಕಕ್ಕೆ ಒಂದು ಸೂತ್ರ ರಚಿಸಿರಿ. ಅದನ್ನು ಮನೆಯಲ್ಲಿ ವಿವರಿಸಿರಿ.