ಈ ತಿಂಗಳ ಪಾಠ: ಕೊರಿಯಾದವರ ಸ್ಟ್ರಾಬೆರಿ ಹಾಲು – ಮನೆಗೂ ಸರಿ, ಸ್ಟಾಲಿಗೂ ಸರಿ



ಸಂಘದ ಸಭೆಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ. "ಮಕ್ಕಳು ಮೊಬೈಲಿನಲ್ಲಿ ಕೊರಿಯಾದ ಸೀರಿಯಲ್ಲು ನೋಡ್ತಾರೆ, ಅಲ್ಲಿ ಕುಡಿಯೋ ಗುಲಾಬಿ ಹಾಲು ಬೇಕು ಅಂತಾರೆ, ಪೇಟೆಯಲ್ಲಿ ಒಂದು ಗ್ಲಾಸಿಗೆ ನೂರು ರೂಪಾಯಿಗೂ ಮೇಲೆ ಕೇಳ್ತಾರೆ" ಅಂತ. ಹಾಗಾಗಿ ಈ ತಿಂಗಳ ಪಾಠಕ್ಕೆ ಅದನ್ನೇ ತೆಗೆದುಕೊಂಡಿದ್ದೇವೆ. ಮನೆಯಲ್ಲಿ ಮಾಡುವ ಕ್ರಮ, ಅದರ ಶುಚಿತ್ವ, ಮತ್ತು ಸಂಘದವರು ಸ್ಟಾಲು ಹಾಕುವುದಾದರೆ ಅದರ ಲೆಕ್ಕ – ಈ ಮೂರನ್ನೂ ಕಲಿಯೋಣ.

ಇದು ಎಲ್ಲಿಂದ ಬಂತು?

ದಕ್ಷಿಣ ಕೊರಿಯಾದಲ್ಲಿ ಸ್ಟ್ರಾಬೆರಿಗೆ 'ತಲ್ಗಿ' ಎನ್ನುತ್ತಾರೆ, ಹಾಲಿಗೆ 'ಊಯು'. ಅಲ್ಲಿ ಹಿಂದಿನಿಂದಲೂ ಪರಿಮಳ ಸೇರಿಸಿದ ಪ್ಯಾಕೆಟ್ ಹಾಲು ಬಹಳ ಜನಪ್ರಿಯ. 1974ರಲ್ಲಿ ಬಂದ ಬಾಳೆಹಣ್ಣಿನ ಪರಿಮಳದ ಹಾಲು ಇಂದಿಗೂ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಜನ ಹೆಚ್ಚು ಹಾಲು ಕುಡಿಯಲಿ ಎಂದು ಅಲ್ಲಿನ ಸರ್ಕಾರ ಪ್ರೋತ್ಸಾಹ ಕೊಡುತ್ತಿದ್ದ ಕಾಲ ಅದು. ಆಮೇಲೆ ಎಸೆನ್ಸು ಬಿಟ್ಟು ನಿಜವಾದ ಹಣ್ಣನ್ನೇ ಹಾಕಿ ಹಾಲು ಮಾಡುವುದು ಮನೆಗಳಲ್ಲೂ ಕಾಫಿ ಅಂಗಡಿಗಳಲ್ಲೂ ರೂಢಿಗೆ ಬಂತು. ಅದಕ್ಕೆ 'ಸೆಂಗ್ ತಲ್ಗಿ ಊಯು', ಅಂದರೆ ತಾಜಾ ಸ್ಟ್ರಾಬೆರಿ ಹಾಲು ಎಂದು ಹೆಸರು.

ಕೊರಿಯಾದಲ್ಲಿ ಸ್ಟ್ರಾಬೆರಿಯನ್ನು ಪ್ಲಾಸ್ಟಿಕ್ ಹೊದಿಸಿದ ಮನೆಗಳೊಳಗೆ ಬೆಳೆಯುತ್ತಾರೆ. ಹಾಗಾಗಿ ಹೊರಗೆ ಹಿಮ ಬೀಳುವ ಚಳಿಗಾಲದಲ್ಲೇ ಹಣ್ಣಿನ ಸುಗ್ಗಿ. ನೋನ್‌ಸಾನ್ ಎಂಬ ಊರು ಇದಕ್ಕೆ ಪ್ರಸಿದ್ಧಿ. ಹಿಂದೆ ಅಲ್ಲಿನ ರೈತರು ಹೆಚ್ಚಾಗಿ ಜಪಾನಿನ ತಳಿಗಳನ್ನೇ ನೆಚ್ಚಿಕೊಂಡಿದ್ದರು. 2005ರಲ್ಲಿ ನೋನ್‌ಸಾನಿನ ಸಂಶೋಧನಾ ಕೇಂದ್ರ 'ಸೊಲ್‌ಹ್ಯಾಂಗ್' ಎಂಬ ಸ್ವಂತ ತಳಿ ಕೊಟ್ಟ ಮೇಲೆ ಪರಿಸ್ಥಿತಿ ಬದಲಾಯಿತು. ಆ ಹೆಸರಿಗೆ 'ಹಿಮದ ಪರಿಮಳ' ಎಂದು ಅರ್ಥ.

ಕೊರಿಯಾದ ಹಾಲಿನ ಕಥೆಯಲ್ಲಿ ನಮ್ಮಂಥ ಸಂಘಗಳಿಗೆ ಇನ್ನೊಂದು ಪಾಠವೂ ಇದೆ. ಬೆಲ್ಜಿಯಂ ದೇಶದ ಗುರು ಫಾದರ್ ದಿದಿಯೆ ತ್'ಸೆರ್‌ಸ್ಟೆವೆನ್ಸ್ 1964ರಲ್ಲಿ ಇಮ್‌ಸಿಲ್ ಎಂಬ ಬಡ ಗುಡ್ಡಗಾಡು ಊರಿನ ಧರ್ಮಕೇಂದ್ರಕ್ಕೆ ಬಂದರು. ಜನರಿಗೆ ಆದಾಯವಾಗಲಿ ಎಂದು ಆಡು ಸಾಕಣೆ ಶುರು ಮಾಡಿಸಿದರು. ಆಡಿನ ಹಾಲು ಮಾರಾಟವಾಗದೆ ಉಳಿದಾಗ ಕೈಚೆಲ್ಲಿ ಕೂರಲಿಲ್ಲ. ರೈತರ ಜೊತೆ ಸೇರಿ 1967ರಲ್ಲಿ ಚೀಸ್ ಮಾಡಲು ತೊಡಗಿದರು. ಅದು ಸಹಕಾರಿ ಉದ್ಯಮವಾಗಿ ಬೆಳೆದು, ಇಂದು ಚೀಸ್ ಅಂದರೆ ಇಮ್‌ಸಿಲ್ ಎನ್ನುವಷ್ಟು ಹೆಸರಾಗಿದೆ. ಫಾದರ್ 2019ರಲ್ಲಿ ತೀರಿಕೊಂಡರು. ಅದೇ ದೇಶದಲ್ಲಿ 1960ರಲ್ಲಿ ಸಿಸ್ಟರ್ ಮೇರಿ ಗೇಬ್ರಿಯೆಲ್ಲಾ ಎಂಬ ಮೇರಿನೋಲ್ ಸಭೆಯ ಭಗಿನಿ ಬೂಸಾನ್ ನಗರದಲ್ಲಿ ಮೊದಲ ಉಳಿತಾಯ-ಸಾಲದ ಸಹಕಾರ ಸಂಘ ಕಟ್ಟಿದರು. ಉಳಿದ ಹಾಲನ್ನು ಚೆಲ್ಲದೆ ಉಪಾಯ ಮಾಡುವುದು, ಸಣ್ಣ ಉಳಿತಾಯವನ್ನು ಒಟ್ಟು ಸೇರಿಸುವುದು – ಈ ಎರಡೂ ನಮಗೆ ಈ ಪಾಠದಲ್ಲಿ ಕೆಲಸಕ್ಕೆ ಬರುತ್ತವೆ.

ಬೇಕಾಗುವ ಸಾಮಾನು (5 ಗ್ಲಾಸಿಗೆ)

- ಚೆನ್ನಾಗಿ ಹಣ್ಣಾದ ಸ್ಟ್ರಾಬೆರಿ – 250 ಗ್ರಾಂ
- ಸಕ್ಕರೆ – 75 ಗ್ರಾಂ (ಸುಮಾರು 5 ದೊಡ್ಡ ಚಮಚ)
- ಕಾಯಿಸಿ ಆರಿಸಿ ತಣ್ಣಗೆ ಮಾಡಿದ ಹಾಲು – 750 ಮಿ.ಲೀ.
- ಉಪ್ಪು – ಒಂದು ಚಿಟಿಕೆ
- ಬೇಕಾದರೆ ಐಸು

ನಮ್ಮಲ್ಲಿ ಸಿಗುವ ಸ್ಟ್ರಾಬೆರಿ ಬಹುಪಾಲು ಮಹಾರಾಷ್ಟ್ರದ ಮಹಾಬಳೇಶ್ವರ, ಪಂಚಗಣಿ ಕಡೆಯಿಂದ ಬರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಣ್ಣು ಧಾರಾಳ, ಬೆಲೆಯೂ ಕಡಿಮೆ. ಕೊಳ್ಳುವಾಗ ಡಬ್ಬಿಯನ್ನು ತಿರುಗಿಸಿ ತಳ ನೋಡಿ. ಮೇಲೆ ಕೆಂಪಗೆ ಹೊಳೆದರೂ ಅಡಿಯಲ್ಲಿ ಬೂಷ್ಟು ಹಿಡಿದಿರಬಹುದು. ತೊಟ್ಟಿನ ಹತ್ತಿರ ಬೆಳ್ಳಗಿರುವ ಹಣ್ಣು ಹುಳಿ ಜಾಸ್ತಿ. ಕಿತ್ತ ಮೇಲೆ ಈ ಹಣ್ಣು ಮನೆಯಲ್ಲಿ ಇಟ್ಟರೆ ಸಿಹಿಯಾಗುವುದಿಲ್ಲ, ಕೊಳೆಯುತ್ತದೆ ಅಷ್ಟೇ.

ಮಾಡುವ ಕ್ರಮ

1. ಮೊದಲು ಕೈ ತೊಳೆಯಿರಿ. ಹಣ್ಣನ್ನು ತೊಟ್ಟು ಇರುವಾಗಲೇ ಹರಿಯುವ ನೀರಿನಲ್ಲಿ ಒಂದೊಂದಾಗಿ ತೊಳೆಯಬೇಕು. ತೊಟ್ಟು ತೆಗೆದು ನೀರಿನಲ್ಲಿ ನೆನೆಹಾಕಿದರೆ ಕೊಳೆ ನೀರು ಹಣ್ಣಿನೊಳಗೆ ಹೋಗುತ್ತೆ, ರುಚಿಯೂ ಸಪ್ಪೆಯಾಗುತ್ತೆ.

2. ನೀರು ಆರಿಸಿ, ತೊಟ್ಟು ತೆಗೆಯಿರಿ. ಅರ್ಧ ಹಣ್ಣನ್ನು ಬಟ್ಟಲಿಗೆ ಹಾಕಿ ಚಮಚದ ಬೆನ್ನಿನಿಂದ ಮಸೆಯಿರಿ. ಮಿಕ್ಸಿ ಬೇಡ, ತೀರಾ ನುಣ್ಣಗಾದರೆ ಕೊರಿಯಾದವರ ರೀತಿ ಆಗುವುದಿಲ್ಲ. ಉಳಿದ ಅರ್ಧವನ್ನು ಸಣ್ಣ ಸಣ್ಣ ಚೂರು ಮಾಡಿ.

3. ಎರಡನ್ನೂ ಸೇರಿಸಿ, ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಕಲಸಿ ಮುಚ್ಚಿಡಿ. ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಫ್ರಿಜ್‌ನಲ್ಲಿರಲಿ. ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಉಪ್ಪಿನಕಾಯಿಗೆ ಮಾವಿನ ಹೋಳು ಉಪ್ಪು ಹಾಕಿಟ್ಟರೆ ನೀರು ಬಿಡೋದಿಲ್ವೇ, ಹಾಗೇ. ಒಲೆ ಮೇಲೆ ಇಡದೆಯೇ ಕೆಂಪನೆಯ ಪಾಕ ತಯಾರಾಗುತ್ತೆ.

4. ಗ್ಲಾಸಿನ ತಳಕ್ಕೆ ನಾಲ್ಕು ದೊಡ್ಡ ಚಮಚ ಪಾಕ ಹಾಕಿ. ಬೇಕಾದರೆ ಎರಡು ತುಂಡು ಐಸು. ಅದರ ಮೇಲೆ 150 ಮಿ.ಲೀ. ತಣ್ಣನೆಯ ಹಾಲನ್ನು ನಿಧಾನವಾಗಿ ಹೊಯ್ಯಿರಿ. ಕೆಳಗೆ ಕೆಂಪು, ಮೇಲೆ ಬಿಳಿ, ನಡುವೆ ಗುಲಾಬಿ ಕಾಣುತ್ತೆ. ಕುಡಿಯುವವರೇ ಚಮಚದಿಂದ ಕಲಸಿಕೊಂಡು, ಹಣ್ಣಿನ ಚೂರು ಜಗಿಯುತ್ತಾ ಕುಡಿಯುತ್ತಾರೆ.

ಬಾಳೆಹಣ್ಣಿನ ಸೀಕರಣೆ ಮಾಡಿ ಗೊತ್ತಿರುವ ನಮಗೆ ಇದೇನೂ ಕಷ್ಟದ ಕೆಲಸವಲ್ಲ.

ಹಾಲು ಯಾಕೆ ಒಡೆಯುತ್ತೆ?

ಸ್ಟ್ರಾಬೆರಿ ಹುಳಿ ಹಣ್ಣು. ಹುಳಿ ಬಿದ್ದರೆ ಹಾಲು ಒಡೆಯುವುದು ನಮಗೆ ಗೊತ್ತಿದ್ದದ್ದೇ. ಪನೀರ್ ಮಾಡುವುದು ಹಾಗೆಯೇ. ಹಾಲು ಬಿಸಿ ಇದ್ದಷ್ಟೂ ಬೇಗ ಒಡೆಯುತ್ತೆ. ಆದ್ದರಿಂದ ಹಾಲು, ಪಾಕ ಎರಡೂ ಚೆನ್ನಾಗಿ ತಣ್ಣಗಿರಬೇಕು, ಮತ್ತು ಬೆರೆಸಿದ ಕೂಡಲೇ ಕುಡಿಯಬೇಕು. ಬೆರೆಸಿ ಇಟ್ಟರೆ ತುಸು ಹೊತ್ತಿನಲ್ಲಿ ಸಣ್ಣ ಸಣ್ಣ ಗಸಿ ಕಟ್ಟಬಹುದು.

ಇದೇ ಕ್ರಮದಲ್ಲಿ ಮಾವು, ಸಪೋಟದ ಹಾಲನ್ನೂ ಮಾಡಬಹುದು. ಆದರೆ ಹಸಿ ಅನಾನಸು ಬೇಡ. ಅದರಲ್ಲಿರುವ ಕಿಣ್ವದಿಂದ ಹಾಲು ಕಹಿಯಾಗುತ್ತದೆ. ಅನಾನಸು ಬೇಕೇ ಬೇಕು ಅಂದರೆ ಸಕ್ಕರೆ ಹಾಕಿ ಚೆನ್ನಾಗಿ ಬೇಯಿಸಿ ಆರಿಸಿದ ಮೇಲೆ ಉಪಯೋಗಿಸಿ.

ಬಣ್ಣದ ಮೋಸ ಬೇಡ

ನಿಜವಾದ ಹಣ್ಣಿನ ಹಾಲು ತಿಳಿ ಗುಲಾಬಿ ಬಣ್ಣ, ಸ್ವಲ್ಪ ಮಂಕು. "ಇಷ್ಟೇನಾ ಬಣ್ಣ?" ಅಂತ ಗಿರಾಕಿ ಕೇಳಬಹುದು. ಆಗ ಒಂದು ಹನಿ ಕೃತಕ ಬಣ್ಣ ಹಾಕಿದರೇನು ಎಂಬ ಆಸೆ ಹುಟ್ಟುತ್ತೆ. ದಯವಿಟ್ಟು ಬೇಡ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿ, ಗೋಬಿ ಮಂಚೂರಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಗುಲಾಬಿ ಮಿಠಾಯಿಯ ಮಾದರಿಗಳಲ್ಲಿ ಸಿಕ್ಕಿದ್ದು ರೋಡಮೈನ್-ಬಿ. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹೋಗಬಾರದ್ದು. ನಮ್ಮ ಹಾಲನ್ನು ಕುಡಿಯುವವರು ಹೆಚ್ಚಾಗಿ ಮಕ್ಕಳು ಎಂಬುದನ್ನು ಮರೆಯಬಾರದು. "ಬಣ್ಣ ಹಾಕಿಲ್ಲ, ಹಣ್ಣು ಹಾಕಿದ್ದೇವೆ" ಎಂದು ಸ್ಟಾಲಿನ ಮುಂದೆ ಬರೆದು ಹಾಕಿ. ಅದೇ ನಮ್ಮ ಜಾಹೀರಾತು.

ಶುಚಿತ್ವದ ನಿಯಮಗಳು

- ಹಸಿ ಹಾಲು ಬಳಸಬಾರದು. ಕಾಯಿಸಿದ ಪಾತ್ರೆಯನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಬೇಗ ಆರಿಸಿ, ಮುಚ್ಚಿ ಫ್ರಿಜ್‌ಗೆ ಇಡಿ. ರಾತ್ರಿಯಿಡೀ ಹೊರಗಿಟ್ಟ ಹಾಲು ಬೇಡ.
- ಐಸು ಕುದಿಸಿ ಆರಿಸಿದ ನೀರಿನದ್ದೇ ಆಗಬೇಕು. ಮೀನಿಗೆ ಹಾಕುವ ಐಸಿನ ಗಡ್ಡೆಯನ್ನು ಕುಡಿಯುವುದಕ್ಕೆ ಹಾಕಲೇಬಾರದು. ಅದನ್ನು ಹಾಲಿನ ಕ್ಯಾನಿನ ಹೊರಗೆ, ತಂಪಿಗೆ ಮಾತ್ರ ಇಡಬಹುದು. ಕರಗಿದ ನೀರು ಒಳಗೆ ಹೋಗದ ಹಾಗೆ ನೋಡಿಕೊಳ್ಳಿ.
- ಪಾಕವನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಭರಣಿಯಲ್ಲಿಡಿ. ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು. ಕೊರಿಯಾದವರು ಹಣ್ಣಿನಷ್ಟೇ ತೂಕದ ಸಕ್ಕರೆ ಹಾಕಿ 'ಚಾಂಗ್' ಎಂಬ ಪಾಕ ಮಾಡಿ ಹೆಚ್ಚು ದಿನ ಇಡುತ್ತಾರೆ. ನಮ್ಮದರಲ್ಲಿ ಸಕ್ಕರೆ ಕಡಿಮೆ, ಆದ್ದರಿಂದ ಬಾಳಿಕೆಯೂ ಕಡಿಮೆ.
- ನೊರೆ, ಹುಳಿ ವಾಸನೆ, ಬೂಷ್ಟು ಕಂಡರೆ ಮೇಲೆ ಮೇಲೆ ತೆಗೆದು ಬಳಸಬೇಡಿ. ಪೂರ್ತಿ ಎಸೆಯಿರಿ.

ಒಂದು ಗ್ಲಾಸಿನಲ್ಲಿ ನಾವು ಹಾಕಿದ ಸಕ್ಕರೆಯೇ 15 ಗ್ರಾಂ, ಅಂದರೆ ಮೂರು ಟೀ ಚಮಚ. ಹಾಗಾಗಿ ಇದು ದಿನಾ ಕುಡಿಯುವ ಹಾಲಲ್ಲ, ಅಪರೂಪದ ಸಿಹಿ. ಸಕ್ಕರೆ ಕಾಯಿಲೆ ಇರುವವರು ದೂರವಿರಲಿ. ಒಂದು ವರ್ಷದೊಳಗಿನ ಕೂಸುಗಳಿಗೆ ಕೊಡಬೇಡಿ. ಹಾಲು ಅಥವಾ ಈ ಹಣ್ಣು ಕೆಲವರ ಮೈಗೆ ಒಗ್ಗುವುದಿಲ್ಲ. ತುರಿಕೆ, ದದ್ದು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಸ್ಟಾಲು ಹಾಕುವ ಮುಂಚೆ ಲೆಕ್ಕ ಹಾಕಿ

ಕ್ರಿಸ್ಮಸ್, ಊರ ಜಾತ್ರೆ, ಶಾಲಾ ವಾರ್ಷಿಕೋತ್ಸವ – ಎಲ್ಲವೂ ಸ್ಟ್ರಾಬೆರಿ ಸುಗ್ಗಿಯಲ್ಲೇ ಬರುತ್ತವೆ. 20 ಗ್ಲಾಸಿಗೆ ಒಂದು ಮಾದರಿ ಲೆಕ್ಕ ಕೊಟ್ಟಿದ್ದೇವೆ. ಇದರಲ್ಲಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿಕೊಳ್ಳಿ.

- ಸ್ಟ್ರಾಬೆರಿ 1 ಕಿಲೋ – ರೂ. 360
- ಸಕ್ಕರೆ 300 ಗ್ರಾಂ – ರೂ. 15
- ಹಾಲು 3 ಲೀಟರ್ – ರೂ. 150
- ಗ್ಯಾಸು, ಐಸು, ಕರೆಂಟು – ರೂ. 40
- ಕಾಗದದ ಲೋಟ 20 – ರೂ. 40
- ಬಸ್ ಚಾರ್ಜು – ರೂ. 40
- ಇಬ್ಬರು ಸದಸ್ಯೆಯರ ದುಡಿಮೆ – ರೂ. 150
- ಒಟ್ಟು ಖರ್ಚು – ರೂ. 795

ಒಂದು ಗ್ಲಾಸಿಗೆ ಬಿದ್ದ ಖರ್ಚು ಸುಮಾರು 40 ರೂಪಾಯಿ. 50 ರೂಪಾಯಿಗೆ ಮಾರಿದರೆ 20 ಗ್ಲಾಸಿಗೆ 1000 ರೂಪಾಯಿ ಬರುತ್ತದೆ, ಲಾಭ 205. ಆದರೆ 15 ಗ್ಲಾಸು ಮಾತ್ರ ಹೋದರೆ ಬರುವುದು 750. ಅಂದರೆ 45 ರೂಪಾಯಿ ಕೈಯಿಂದಲೇ ಹೋಯಿತು. 16ನೇ ಗ್ಲಾಸು ಮಾರಿದ ಮೇಲೆಯೇ ಲಾಭದ ಮಾತು.

ಇಲ್ಲಿಯೇ ಕೊರಿಯಾದವರ ಕ್ರಮ ನಮಗೆ ಸಹಾಯಕ್ಕೆ ಬರುವುದು. ಇಪ್ಪತ್ತು ಗ್ಲಾಸನ್ನೂ ಮೊದಲೇ ಬೆರೆಸಿಟ್ಟರೆ ಉಳಿದ ಐದೂ ಚರಂಡಿಗೇ ಹೋಗುತ್ತವೆ. ಪಾಕ ಬೇರೆ, ಹಾಲು ಬೇರೆ ತಣ್ಣಗೆ ಇಟ್ಟುಕೊಂಡು ಗಿರಾಕಿ ಕೇಳಿದ ಮೇಲೆ ಬೆರೆಸಿದರೆ, ಐದು ಗ್ಲಾಸಿನ ಪಾಕ, ಮುಕ್ಕಾಲು ಲೀಟರ್ ಹಾಲು, ಐದು ಲೋಟ – ಒಟ್ಟು ಸುಮಾರು 141 ರೂಪಾಯಿಯ ಸಾಮಾನು ಕೈಯಲ್ಲೇ ಉಳಿಯುತ್ತೆ. ಹಾಲನ್ನು ಅದೇ ದಿನ ಕಾಯಿಸಿ ಚಹಾಕ್ಕೆ ಬಳಸಬಹುದು, ಪಾಕವನ್ನು ಮಾರನೇ ದಿನ ಮಾರಬಹುದು.

ಇನ್ನೊಂದು ಮಾತು. "ನಮ್ಮ ದುಡಿಮೆಗೇನು ಲೆಕ್ಕ" ಎಂದು ಆ 150 ರೂಪಾಯಿಯನ್ನು ಬಿಟ್ಟುಬಿಡುವುದು ನಮ್ಮ ಹೆಂಗಸರ ರೂಢಿ. ಹಾಗೆ ಬಿಟ್ಟರೆ ಲಾಭ ಜಾಸ್ತಿ ಕಂಡೀತು, ಆದರೆ ಅದು ಸುಳ್ಳು ಲಾಭ. ಬೆಳಿಗ್ಗೆ ಎದ್ದು ಹಣ್ಣು ತೊಳೆದವಳ ಬೆವರಿಗೂ ಬೆಲೆ ಇದೆ. ಪುಸ್ತಕದಲ್ಲಿ ಬರೆಯಿರಿ.

ಮೊದಲ ಸಲ ಸಂಘದ ಆಂತರಿಕ ಸಾಲ ಎತ್ತಿ ಹತ್ತು ಕಿಲೋ ಹಣ್ಣು ತರಬೇಡಿ. ಒಂದು ಕಿಲೋದಿಂದ ಶುರು ಮಾಡಿ. ಮುಂದೆ ಖಾಯಂ ಮಾರುವುದಾದರೆ ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಿಕೊಳ್ಳಬೇಕು; ಸಣ್ಣ ವ್ಯಾಪಾರಕ್ಕೂ ಇದು ಬೇಕು. ವಿವರಕ್ಕೆ ನಿಮ್ಮ ವಲಯದ ಪ್ರೇರಕಿಯನ್ನು ಕೇಳಿ.

ಸಂಘದಲ್ಲಿ ಚರ್ಚಿಸಿರಿ

1. ನಮ್ಮ ಊರಿನಲ್ಲಿ ಸ್ಟ್ರಾಬೆರಿ ಯಾವ ತಿಂಗಳಲ್ಲಿ, ಯಾವ ದರಕ್ಕೆ ಸಿಗುತ್ತೆ? ಅದರ ಬದಲು ನಮ್ಮಲ್ಲೇ ಬೆಳೆಯುವ ಯಾವ ಹಣ್ಣು ಬಳಸಬಹುದು?
2. ಹಾಲನ್ನೂ ಪಾಕವನ್ನೂ ಬೇರೆ ಬೇರೆ ಇಡುವುದರಿಂದ ಆಗುವ ಎರಡು ಲಾಭಗಳು ಯಾವುವು?
3. ಹಣ್ಣಿನ ಬೆಲೆ ಕಿಲೋಗೆ 500 ರೂಪಾಯಿ ಆದರೆ ಒಂದು ಗ್ಲಾಸನ್ನು ಎಷ್ಟಕ್ಕೆ ಮಾರಬೇಕು?
4. ನಾವು ಮನೆಯಲ್ಲಿ ದುಡಿಯುವ ಯಾವ ಯಾವ ಕೆಲಸಕ್ಕೆ ಇಂದಿನವರೆಗೆ ಲೆಕ್ಕವೇ ಇಟ್ಟಿಲ್ಲ?

ಮುಂದಿನ ಸಭೆಗೆ ಒಬ್ಬ ಸದಸ್ಯೆ ಐದು ಗ್ಲಾಸು ಮಾಡಿ ತರಲಿ, ಖರ್ಚನ್ನು ಎಲ್ಲರೂ ಹಂಚಿಕೊಳ್ಳಿ. ಒಂದೊಂದು ಗುಟುಕು ರುಚಿ ನೋಡಿ, ಲೆಕ್ಕವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಆಮೇಲೆ ಸ್ಟಾಲಿನ ತೀರ್ಮಾನ ಮಾಡಿರಿ. ನಿಮ್ಮ ಪ್ರಯತ್ನಕ್ಕೆ ದೇವರ ಆಶೀರ್ವಾದವಿರಲಿ.