ಗುದ್ದಿದ ಗಾಡಿ ಸಿಗದಿದ್ದರೆ ಪರಿಹಾರ ಯಾರು ಕೊಡುತ್ತಾರೆ?

ಪ್ರಶ್ನೆ: ನಮ್ಮ ಯಜಮಾನರು ಮುಂಜಾನೆ ಡೈರಿಗೆ ಹಾಲು ಹಾಕಿ ಹೆದ್ದಾರಿ ದಾಟುವಾಗ ಯಾವುದೋ ಗಾಡಿ ಗುದ್ದಿ ನಿಲ್ಲದೆ ಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಅವರಿಗೆ 42 ವರ್ಷ. ತೋಟ, ಹಾಲು ಎಲ್ಲ ಸೇರಿ ತಿಂಗಳಿಗೆ ಹದಿನೈದು ಸಾವಿರ ದುಡಿಯುತ್ತಿದ್ದರು. ನಾಲ್ಕು ತಿಂಗಳಾಯಿತು, ಸ್ಟೇಷನ್ನಿಗೆ ಹೋದಾಗಲೆಲ್ಲ ‘ಹುಡುಕ್ತಾ ಇದ್ದೀವಮ್ಮ’ ಅಂತಾರೆ. ಗಾಡಿ ನಂಬರ್ ಇಲ್ಲದೆ ಕೇಸು ಹಾಕೋಕಾಗಲ್ಲ ಅಂತ ಒಬ್ಬ ಲಾಯರು ಹೇಳಿ ಕಳಿಸಿದರು. ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ ಇದ್ದಾರೆ. ನಮಗೆ ಏನೂ ಬರುವುದಿಲ್ಲವೇ?
– ಓದುಗರೊಬ್ಬರು, ಶಿರಾ ತಾಲ್ಲೂಕು

ಉತ್ತರ: ಬರುತ್ತದೆ ಅಮ್ಮ. ನಂಬರ್ ಇಲ್ಲದೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಸು ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಗಾಡಿ ಪತ್ತೆಯಾಗದ ಅಪಘಾತಗಳಿಗೆಂದೇ ಮೋಟಾರು ವಾಹನ ಕಾಯ್ದೆಯಲ್ಲಿ 161ನೇ ಕಲಂ ಇದೆ. ಅದರಡಿ ಬಂದ ಯೋಜನೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾವಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ, ಗಂಭೀರ ಗಾಯವಾದರೆ ಗಾಯಾಳುವಿಗೆ 50 ಸಾವಿರ. ಹಿಂದೆ ಇದು 25 ಸಾವಿರ ಮತ್ತು 12,500 ಇತ್ತು.

ಅರ್ಜಿಯನ್ನು ಕೋರ್ಟಿಗಲ್ಲ, ಅಪಘಾತ ನಡೆದ ಜಾಗದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಕೊಡಬೇಕು. ಇದಕ್ಕೆ ಲಾಯರು ಬೇಕಾಗಿಲ್ಲ. ನಿಗದಿತ ನಮೂನೆಯ ಜತೆಗೆ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ತೀರಿಕೊಂಡವರ ಮತ್ತು ನಿಮ್ಮ ಗುರುತು-ವಿಳಾಸದ ದಾಖಲೆ, ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಇಡಿ. ವಾರಸುದಾರರು ಯಾರೆಂದು ಕೇಳಿಯೇ ಕೇಳುತ್ತಾರೆ, ಆದ್ದರಿಂದ ನಾಡಕಚೇರಿಯಿಂದ ವಂಶವೃಕ್ಷವನ್ನು ಮೊದಲೇ ಮಾಡಿಸಿಕೊಳ್ಳಿ. ಮುಂದೆ ಬೇರೆ ಪರಿಹಾರ ಸಿಕ್ಕರೆ ಈ ಹಣ ಹಿಂದಿರುಗಿಸುತ್ತೇನೆ ಎಂಬ ಮುಚ್ಚಳಿಕೆಯನ್ನೂ ಬರೆದುಕೊಡಬೇಕು, ಅದಕ್ಕೆ ಹೆದರಬೇಡಿ. ಅರ್ಜಿ ಪಡೆದ ಆ ಅಧಿಕಾರಿ ವಿಚಾರಣೆ ನಡೆಸಿ ಒಂದು ತಿಂಗಳಲ್ಲಿ ವರದಿ ಕೊಡಬೇಕು, ಜಿಲ್ಲಾಧಿಕಾರಿ ಹದಿನೈದು ದಿನದಲ್ಲಿ ಮಂಜೂರು ಮಾಡಬೇಕು, ಇನ್ನು ಹದಿನೈದು ದಿನದಲ್ಲಿ ಹಣ ನೇರ ನಿಮ್ಮ ಖಾತೆಗೆ ಬರಬೇಕು. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆದುಕೊಳ್ಳಿ. ದಿನ ಲೆಕ್ಕ ಹಾಕಲು ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ.

ನಿಮಗೆ ಇದನ್ನು ಯಾರೂ ಹೇಳಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. 2022ರಲ್ಲಿ ದೇಶದಲ್ಲಿ ದಾಖಲಾದ ಗುದ್ದೋಡುವ ಪ್ರಕರಣಗಳು 67,387. 2022–23ರಲ್ಲಿ ಈ ಯೋಜನೆಗೆ ಬಂದ ಅರ್ಜಿಗಳು ಬರೀ 205, ಹಣ ಸಿಕ್ಕಿದ್ದು 95ಕ್ಕೆ. ಸುಪ್ರೀಂ ಕೋರ್ಟ್ ಇದನ್ನು ನೋಡಿಯೇ 2024ರ ಜನವರಿ 12ರಂದು ಸ್ಪಷ್ಟ ಆದೇಶ ಮಾಡಿತು. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ, ನೀವು ಇಂಥ ಯೋಜನೆಯಡಿ ಪರಿಹಾರ ಕೇಳಬಹುದು, ಇಂಥ ಅಧಿಕಾರಿಯನ್ನು ಕಾಣಿ ಎಂದು ಠಾಣಾಧಿಕಾರಿಯೇ ಕುಟುಂಬಕ್ಕೆ ಬರೆದು ತಿಳಿಸಬೇಕು. ನಿಮಗೆ ಆ ಪತ್ರ ಬಂದಿಲ್ಲ. ಈ ಆದೇಶದ ತಾರೀಖು ಹಾಕಿ ಠಾಣೆಗೂ ಎಸ್ಪಿ ಕಚೇರಿಗೂ ಲಿಖಿತ ಮನವಿ ಕೊಡಿ.

ಹಾಗೆಂದು ಎರಡು ಲಕ್ಷ ಬಂತು, ಮುಗಿಯಿತು ಎಂದು ಕೂರಬೇಡಿ. ಗಾಡಿ ಸಿಕ್ಕಿದರೆ ಎಷ್ಟಾಗುತ್ತದೆ, ನೋಡಿ. ಸ್ವಂತ ದುಡಿಮೆಯವರಿಗೆ ಈ ವಯಸ್ಸಿನಲ್ಲಿ ಮುಂದಿನ ಏಳಿಗೆಗೆಂದು ಶೇ. 25 ಸೇರಿಸುತ್ತಾರೆ: 15,000 ಹೋಗಿ 18,750 ಆಯಿತು. ನಾಲ್ವರು ಅವಲಂಬಿತರಿರುವುದರಿಂದ ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದನ್ನು ವರ್ಷಕ್ಕೆ ಲೆಕ್ಕ ಹಾಕಿ, 41ರಿಂದ 45 ವಯಸ್ಸಿಗೆ ನಿಗದಿಯಾದ 14ರಿಂದ ಗುಣಿಸಿದರೆ 23 ಲಕ್ಷ 62 ಸಾವಿರ ದಾಟುತ್ತದೆ. ದುಡಿಮೆಯನ್ನು ದಾಖಲೆಯಿಂದ ತೋರಿಸಬೇಕು, ಡೈರಿಯ ಹಾಲಿನ ಲೆಕ್ಕದ ಪುಸ್ತಕ ಜೋಪಾನವಾಗಿಡಿ. ಎರಡು ಲಕ್ಷಕ್ಕೂ ಇದಕ್ಕೂ ಇರುವ ಅಂತರ ನಿಮ್ಮ ಮಕ್ಕಳ ಓದು. ಆದ್ದರಿಂದ ಆ ಹೊತ್ತಿನಲ್ಲಿ ಟೋಲ್ ದಾಟಿದ ಗಾಡಿಗಳ ಫಾಸ್ಟ್ಯಾಗ್ ದಾಖಲೆ ತರಿಸಿದಿರಾ, ಸುತ್ತಲಿನ ಗ್ಯಾರೇಜು, ಟಿಂಕರಿಂಗ್ ಅಂಗಡಿಗಳಲ್ಲಿ ವಿಚಾರಿಸಿದಿರಾ ಎಂದು ಅದೇ ಮನವಿಯಲ್ಲಿ ಕೇಳಿ. ಪತ್ತೆಯಾಗಲಿಲ್ಲವೆಂದು ಪೊಲೀಸರು ‘ಸಿ’ ರಿಪೋರ್ಟ್ ಹಾಕಿದರೆ ಮ್ಯಾಜಿಸ್ಟ್ರೇಟರ ಮುಂದೆ ಆಕ್ಷೇಪಿಸುವ ಹಕ್ಕು ನಿಮಗಿದೆ.

ಪ್ರಶ್ನೆ: ನಾನು ಊಟ ಡೆಲಿವರಿ ಮಾಡುವ ಹುಡುಗ. ಹೋದ ವಾರ ರಾತ್ರಿ ಬಿಳಿ ಕಾರೊಂದು ಹಿಂದಿನಿಂದ ಗುದ್ದಿ ಹೋಯಿತು, ಮೊಣಕಾಲ ಕೆಳಗೆ ಮೂಳೆ ಮುರಿದಿದೆ. ನಂಬರಿನ ಕೊನೆಯ ನಾಲ್ಕು ಅಂಕಿ ನೆನಪಿದೆ ಸರ್. ಆದರೆ ಎಫ್‌ಐಆರ್‌ನಲ್ಲಿ ‘ಅಪರಿಚಿತ ಕಾರು’ ಅಂತ ಬರೆದಿದ್ದಾರೆ.
– ಹಾಸನ

ಉತ್ತರ: ಈ ಉತ್ತರ ಓದಿದ ದಿನವೇ ಒಬ್ಬರನ್ನು ಠಾಣೆಗೆ ಕಳಿಸು, ತಮ್ಮ. ನಾಲ್ಕು ಅಂಕಿ, ಬಣ್ಣ, ಕಾರಿನ ಮಾದರಿ ಎಲ್ಲವನ್ನೂ ಬರೆದು, ಮರು ಹೇಳಿಕೆ ಪಡೆಯಬೇಕೆಂದು ಅರ್ಜಿ ಕೊಡಿಸು. ಇಷ್ಟು ಸುಳಿವಿದ್ದರೆ ಆರ್‌ಟಿಒ ದಾಖಲೆಯಲ್ಲಿ ಹುಡುಕಲು ಬರುತ್ತದೆ. ಅಂಗಡಿ, ಪೆಟ್ರೋಲ್ ಬಂಕುಗಳ ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗಿ ಕೆಲವೇ ದಿನದಲ್ಲಿ ಅಳಿಸಿಹೋಗುತ್ತದೆ. ಇದರಲ್ಲಿ ಒಂದು ದಿನವೂ ತಡ ಬೇಡ.

ಚಾಲಕ ಓಡಿಹೋದ ಮಾತ್ರಕ್ಕೆ ನಿನ್ನದು 161ನೇ ಕಲಮಿನ ಪ್ರಕರಣ ಆಗುವುದಿಲ್ಲ. ಆ ಕಲಂ ಇರುವುದು ಗಾಡಿಯೇ ಯಾವುದೆಂದು ತಿಳಿಯದಾಗ. ಗಾಡಿ ಗೊತ್ತಾದರೆ, ಓಡಿಸಿದವನು ಸಿಗದಿದ್ದರೂ ಮಾಲೀಕರು ಮತ್ತು ವಿಮಾ ಕಂಪನಿಯ ಮೇಲೆ ಎಂವಿಸಿ (ಮೋಟಾರು ಅಪಘಾತ ಪರಿಹಾರದ) ಕೇಸು ಹಾಕಬಹುದು. ಅದೂ ನೀನಿರುವ ಊರಿನ ನ್ಯಾಯಮಂಡಳಿಯಲ್ಲೇ.

ವೂಂಡ್ ಸರ್ಟಿಫಿಕೇಟಿನಲ್ಲಿ ಮೂಳೆ ಮುರಿತವನ್ನು ‘ಗಂಭೀರ ಗಾಯ’ ಎಂದು ಬರೆದಿದ್ದಾರೆಯೇ ನೋಡು. ಕಾರು ಸಿಗದೇ ಹೋದರೆ 50 ಸಾವಿರಕ್ಕೂ ಅದೇ ಆಧಾರ. 2025ರ ಮೇನಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗುರುತಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ, ಗುದ್ದಿದ ಗಾಡಿ ಯಾವುದೇ ಇರಲಿ. ನಿನ್ನ ಆಸ್ಪತ್ರೆ ಪಟ್ಟಿಯಲ್ಲಿದೆಯೇ ವಿಚಾರಿಸು. ಗಿಗ್ ಕಾರ್ಮಿಕರಿಗೆ ರಾಜ್ಯ ಸರ್ಕಾರದ ಪ್ರತ್ಯೇಕ ವಿಮಾ ಯೋಜನೆಯಿದೆ, ಅದರ ಬಗ್ಗೆ ಕಾರ್ಮಿಕ ಇಲಾಖೆಯಲ್ಲಿ ಕೇಳು.

ಪ್ರಶ್ನೆ: ನಮ್ಮಣ್ಣ ತನ್ನ ಬೈಕಿನಲ್ಲಿ ಬರುವಾಗ ಲಾರಿ ಗುದ್ದಿ ತೀರಿಕೊಂಡ. ಲಾರಿ ಸಿಕ್ಕಿಲ್ಲ. ಕೋರ್ಟಿನ ಹತ್ತಿರ ಓಡಾಡುವ ಒಬ್ಬರು, ‘ನಮ್ಮ ಕಡೆಯ ಒಂದು ಗೂಡ್ಸ್ ಗಾಡಿ ಇದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, ಅದನ್ನೇ ತೋರಿಸೋಣ, ಬಂದದ್ದರಲ್ಲಿ ಅರ್ಧ ನನಗೆ’ ಅನ್ನುತ್ತಿದ್ದಾರೆ. ಮನೆಯವರು ಒಪ್ಪು ಅಂತಿದ್ದಾರೆ.
– ಮೈಸೂರು

ಉತ್ತರ: ಒಪ್ಪಬೇಡಿ. ಮನೆಯವರ ಕಷ್ಟ ಅರ್ಥವಾಗುತ್ತದೆ. ಆದರೆ ಸುಳ್ಳು ಸಾಕ್ಷಿಗೆ, ಸುಳ್ಳು ದಾಖಲೆಗೆ ಸಹಿ ಹಾಕುವವರು ನೀವು, ಆ ಮಧ್ಯವರ್ತಿಯಲ್ಲ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ‘ಅಪರಿಚಿತ ಲಾರಿ’ ಎಂದಿರುತ್ತದೆ, ತಿಂಗಳುಗಳ ನಂತರ ನಂಬರ್ ಹುಟ್ಟಿಕೊಂಡರೆ ವಿಮಾ ಕಂಪನಿಯವರು ಮೊದಲು ಹಿಡಿಯುವುದು ಅದನ್ನೇ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಎರಡೂ ಗಾಡಿಯ ಜಖಂ ತಾಳೆಯಾಗುವುದಿಲ್ಲ. ಉತ್ತರ ಪ್ರದೇಶದಲ್ಲಿ ಇಂಥ ಕೇಸುಗಳ ತನಿಖೆಗೆ 2015ರಲ್ಲಿ ಹೈಕೋರ್ಟ್ ಆದೇಶದ ಮೇರೆಗೆ ವಿಶೇಷ ತಂಡವನ್ನೇ ಮಾಡಬೇಕಾಯಿತು. ಇಂಥ ಮೋಸದಿಂದ ಪೆಟ್ಟು ಬಿದ್ದಿದ್ದು ನಿಜವಾದ ಸಂತ್ರಸ್ತರಿಗೆ, ಈಗ ತಡವಾಗಿ ನಂಬರ್ ಹೇಳಿದ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡುತ್ತಾರೆ.

ನಿಮ್ಮಣ್ಣನ ಬೈಕಿನ ವಿಮಾ ಪಾಲಿಸಿ ಹುಡುಕಿ ತೆಗೆಯಿರಿ. ‘ಓನರ್-ಡ್ರೈವರ್ ಪರ್ಸನಲ್ ಆ್ಯಕ್ಸಿಡೆಂಟ್’ ಎಂಬ ಸಾಲಿಗೆ ಪ್ರೀಮಿಯಂ ಕಟ್ಟಿದ್ದರೆ, ಬೈಕು ಅವರ ಹೆಸರಿನಲ್ಲೇ ಇದ್ದು ಲೈಸೆನ್ಸ್ ಚಾಲ್ತಿಯಲ್ಲಿದ್ದರೆ, ಸಾವಿಗೆ 15 ಲಕ್ಷ ರೂಪಾಯಿ ಬರುತ್ತದೆ. ಗುದ್ದಿದ್ದು ಯಾರು, ತಪ್ಪು ಯಾರದು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಎಷ್ಟೋ ಕುಟುಂಬಗಳು ಈ ಕಾಗದವನ್ನು ಗಾಡಿಯ ಡಿಕ್ಕಿಯಲ್ಲೇ ಬಿಟ್ಟು ಗುಜರಿಗೆ ಕೊಟ್ಟುಬಿಡುತ್ತವೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗಿದೆಯೇ ಎಂದೂ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ ಬರುತ್ತದೆ. 161ನೇ ಕಲಮಿನ ಅರ್ಜಿಯನ್ನು ಬೇರೆಯಾಗಿ ಕೊಡಿ.

ಪ್ರಶ್ನೆ: ಯಾವುದೋ ಕಾರು ಗುದ್ದಿ ಮಗ ತೀರಿಕೊಂಡಾಗ 161ನೇ ಕಲಮಿನಡಿ 2 ಲಕ್ಷ ಬಂತು. ಎಂಟು ತಿಂಗಳ ಮೇಲೆ ಈಗ ಕಾರು ಸಿಕ್ಕಿದೆ ಎಂದು ಪೊಲೀಸರು ಹೇಳುತ್ತಿದ್ದಾರೆ. ಹಣ ತೆಗೆದುಕೊಂಡವರು ಮತ್ತೆ ಕೇಸು ಹಾಕಬಹುದೇ?
– ಹುಬ್ಬಳ್ಳಿ

ಉತ್ತರ: ಹಾಕಬಹುದು ಸರ್, ಹಾಕಲೇಬೇಕು. ನ್ಯಾಯಮಂಡಳಿ ಕೊಡಿಸುವ ಪರಿಹಾರದಲ್ಲಿ 2 ಲಕ್ಷ ಹಿಂದಕ್ಕೆ ಹೋಗುತ್ತದೆ, ಮಿಕ್ಕಿದ್ದು ನಿಮ್ಮದು. ಎಂವಿಸಿ ಅರ್ಜಿಗೆ ಅಪಘಾತವಾದ ದಿನದಿಂದ ಆರು ತಿಂಗಳು ಎಂಬ ಗಡುವು 2022ರಿಂದ ಇದೆ. ಅದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆ ನಡೆಯುವಾಗ, ತಡವಾಯಿತೆಂಬ ಒಂದೇ ಕಾರಣಕ್ಕೆ ಯಾವ ಅರ್ಜಿಯನ್ನೂ ವಜಾ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಕಾರು ಪತ್ತೆಯಾದ ತಾರೀಖನ್ನು ಪೊಲೀಸರಿಂದ ಬರಹದಲ್ಲಿ ಪಡೆದು, ದೋಷಾರೋಪ ಪಟ್ಟಿಗೆ ಕಾಯದೆ ಈ ವಾರವೇ ವಕೀಲರನ್ನು ಕಾಣಿ. ವಕೀಲರ ಖರ್ಚು ಕಷ್ಟವಾದರೆ ನಿಮ್ಮ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಅರ್ಹರಿಗೆ ಅಲ್ಲಿ ವಕೀಲರನ್ನು ಉಚಿತವಾಗಿ ನೇಮಿಸುತ್ತಾರೆ.