ಮನೆಗೆ ತರುವ ಮರಿ

ತೋಬಿತನ ಗ್ರಂಥದಲ್ಲಿ ಚಿಕ್ಕದೊಂದು ಸಂಗತಿಯಿದೆ. ಯುವಕ ತೋಬಿಯಾಸ್ ದೇವದೂತ ರಫಾಯೇಲರೊಡನೆ ದೂರ ಪ್ರಯಾಣ ಹೊರಟಾಗ ನಾಯಿಯೂ ಜೊತೆಗೆ ಹೋಯಿತು; ಅವರು ಹಿಂದಿರುಗುವಾಗಲೂ ಅದು ಜೊತೆಯಲ್ಲೇ ಇತ್ತು. ಯಾರೂ ಅದನ್ನು ನಡುದಾರಿಯಲ್ಲಿ ಬಿಟ್ಟುಬರಲಿಲ್ಲ.

ನಮ್ಮಲ್ಲಾದರೋ, ಮಕ್ಕಳ ಹಟಕ್ಕೆ ಮರಿ ತಂದು, ಅದು ಬೆಳೆದು ಮರಿ ಹಾಕಿದೊಡನೆ ಗೋಣಿಚೀಲದಲ್ಲಿ ಕಟ್ಟಿ ಸಂತೆಯ ಬಳಿ ಬಿಟ್ಟುಬರುವವರಿದ್ದಾರೆ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹೀಗೆ ಹಸಿವು ಬಾಯಾರಿಕೆಗೆ ದೂಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಪ್ರಾಣಿಗಳನ್ನು ವೃಥಾ ನರಳಿಸುವುದು ಮಾನವ ಘನತೆಗೆ ತಕ್ಕುದಲ್ಲವೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಬೋಧಿಸುತ್ತದೆ. ಬಡವರಿಗೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗಾಗಿ ವ್ಯಯಿಸಬಾರದೆಂದೂ ಎಚ್ಚರಿಸುತ್ತದೆ. ಆದ್ದರಿಂದ ದುಬಾರಿ ಜಾತಿನಾಯಿಯೇ ಬೇಕೆಂದಿಲ್ಲ. ಬೀದಿಯ ಮರಿಗೆ ಆಸರೆಯಾದರೂ ಸಾಕು.

ತರುವ ಮುನ್ನ ಸಂಜೆ ಜಪಸರದ ಬಳಿಕ ಮನೆಮಂದಿ ಕುಳಿತು ಆಲೋಚಿಸಿರಿ:

1. ನಾಯಿ, ಬೆಕ್ಕು 10-15 ವರ್ಷ ಬದುಕಬಲ್ಲವು. ಮಕ್ಕಳು ಓದಲು ಹೊರಗೆ ಹೋದ ಮೇಲೆ ಅನ್ನ ಹಾಕುವವರು ಯಾರು?

2. ಮರಿಗೆ 8 ವಾರ ತುಂಬಿದೆಯೇ? ಅದಕ್ಕೆ ಮೊದಲು ತಾಯಿಯಿಂದ ಅಗಲಿಸಬೇಡಿ.

3. ಸುಮಾರು 3 ತಿಂಗಳಿಗೆ ರೇಬಿಸ್ ಲಸಿಕೆ, ಅನಂತರ ಪಶುವೈದ್ಯರು ಹೇಳಿದಂತೆ ಮರುಲಸಿಕೆ ಹಾಕಿಸುವಿರಾ?

4. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವಿರಾ? ಬೇಡದ ಮರಿಗಳು ಬೀದಿಗೆ ಬೀಳುವುದನ್ನು ಅದು ತಪ್ಪಿಸುತ್ತದೆ.

5. ನಾಯಿ ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದು ಮಕ್ಕಳಿಗೆ ತಿಳಿಸಿದ್ದೀರಾ?

ಇವುಗಳಿಗೆ ಉತ್ತರ ದೊರೆತರೆ ಧಾರಾಳವಾಗಿ ಮರಿ ತನ್ನಿ. ದೊರೆಯದಿದ್ದರೆ ತರದಿರುವುದೇ ಆ ಜೀವಕ್ಕೆ ನಾವು ತೋರುವ ಕರುಣೆ.